ಮೊದಲು ಹತ್ತಿದ ಮಗು ಮೊದಲು ಇಳಿಯಲಿ

ನಾನು ಪಿಟಿ ಮೇಷ್ಟ್ರು. ಗುಬ್ಬಿ ತಾಲ್ಲೂಕಿನ ಒಂದು ಖಾಸಗಿ ಶಾಲೆಯಲ್ಲಿ ಮಕ್ಕಳಿಗೆ ಕಬಡ್ಡಿ, ಖೋ ಖೋ ಆಡಿಸಿಕೊಂಡು ಆರಾಮಾಗಿ ಇದ್ದವನು. ಆರು ವರ್ಷದ ಹಿಂದೆ ಬಸ್ಸುಗಳನ್ನು ನೋಡಿಕೊಳ್ಳುತ್ತಿದ್ದ ಕ್ಲರ್ಕ್ ಕೆಲಸ ಬಿಟ್ಟರು. "ಹೇಗೂ ನೀವು ಬೆಳಿಗ್ಗೆ ಬೇಗ ಬರ್ತೀರಲ್ಲ" ಅಂತ ಹೆಡ್‌ಮಾಸ್ಟರ್ ಒಂದು ಉದ್ದದ ರಿಜಿಸ್ಟರ್ ತಂದು ನನ್ನ ಕೈಗಿಟ್ಟರು. ಅವತ್ತಿನಿಂದ ನಾಲ್ಕು ಬಸ್, ನಾಲ್ಕು ಡ್ರೈವರ್, ನಾಲ್ಕು ಆಯಮ್ಮ, ಇನ್ನೂರು ಚಿಲ್ಲರೆ ಮಕ್ಕಳು, ಅವರ ಅಪ್ಪ ಅಮ್ಮಂದಿರ ಫೋನು, ಎಲ್ಲಾ ನನ್ನ ತಲೆಗೆ.

ಮೊದಲ ವರ್ಷ ಫೋನಿನಲ್ಲಿ ಮ್ಯಾಪ್ ಇಟ್ಟುಕೊಂಡು ರೂಟ್ ಹಾಕಿದೆ. ಯಾವ ದಾರಿ ಹತ್ತಿರ, ಎಷ್ಟು ಕಿಲೋಮೀಟರ್ ಉಳಿಯುತ್ತದೆ, ಇಷ್ಟೇ ಲೆಕ್ಕ. ಶಾಲೆ ಶುರುವಾದ ಎರಡೇ ವಾರಕ್ಕೆ ಚೇಳೂರು ಕಡೆಯ ಬಸ್ ದಿನಾ ಪ್ರಾರ್ಥನೆ ಮುಗಿದ ಮೇಲೆ ಬರತೊಡಗಿತು. ಡ್ರೈವರ್ ನಿಧಾನ ಓಡಿಸುತ್ತಾನೆ ಅಂದುಕೊಂಡು ಒಂದು ವಾರ ನಾನೇ ಆ ಬಸ್ಸಿನಲ್ಲಿ ಕೂತೆ. ಕೊರಳಲ್ಲಿ ಓಟದ ಸ್ಟಾಪ್‌ವಾಚ್ ಇತ್ತಲ್ಲ, ಅದನ್ನೇ ಒತ್ತಿದೆ. ತಡ ಆಗುತ್ತಿದ್ದುದು ರಸ್ತೆಯಲ್ಲಲ್ಲ, ಸ್ಟಾಪಿನಲ್ಲಿ. ಬಸ್ ನಿಲ್ಲಬೇಕು, ಆಯಮ್ಮ ಇಳಿಯಬೇಕು, ಎಲ್‌ಕೆಜಿ ಮಗು ಅಮ್ಮನ ಸೆರಗು ಬಿಡಬೇಕು, ಮರೆತ ನೀರಿನ ಬಾಟಲಿ ಮನೆಯಿಂದ ಓಡಿ ಬರಬೇಕು. ಒಂದು ಸ್ಟಾಪಿಗೆ ಒಂದೂವರೆ ನಿಮಿಷ. ಹದಿನಾರು ಸ್ಟಾಪು. ಅಲ್ಲಿಗೆ ಇಪ್ಪತ್ನಾಲ್ಕು ನಿಮಿಷ ನಿಂತೇ ಹೋಯಿತು.

ಆ ವಾರ ಇನ್ನೊಂದು ಕಣ್ಣಿಗೆ ಬಿತ್ತು. ಮೊದಲ ಸ್ಟಾಪು ಚೇಳೂರಿನ ಆಚೆಯ ಒಂದು ತೋಟದ ಗೇಟು, 7 ಗಂಟೆ 5 ನಿಮಿಷ. ಒಬ್ಬ ಯುಕೆಜಿ ಹುಡುಗಿ. ಅವರಮ್ಮ ಅವಳನ್ನು ನಿದ್ದೆಯಲ್ಲೇ ಎತ್ತಿಕೊಂಡು ಬರುತ್ತಿದ್ದರು. ಒಂದು ಕಾಲಿಗೆ ಸಾಕ್ಸು ಇರುತ್ತಿತ್ತು, ಇನ್ನೊಂದು ಅಮ್ಮನ ಕೈಯಲ್ಲಿ. ಸಂಜೆ ಬಸ್ ಅದೇ ದಾರಿಯಲ್ಲಿ ಹಿಂದಕ್ಕೆ ಹೋಗುತ್ತಿತ್ತು, ಹಾಗಾಗಿ ಎಲ್ಲರಿಗಿಂತ ಕೊನೆಗೆ ಇಳಿಯುವವಳೂ ಅವಳೇ. ದಿನಕ್ಕೆ ಮೂರು ಗಂಟೆ ಬಸ್ಸಿನಲ್ಲಿ. ಶಾಲೆ ಹತ್ತಿರದ ಮಕ್ಕಳು ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ. ಬಸ್ ಫೀಸು ದೂರದ ಮೇಲೆ ಅಲ್ವಾ, ಜಾಸ್ತಿ ದುಡ್ಡು ಕೊಡುವವರೂ ಆ ಹುಡುಗಿಯ ಅಪ್ಪನೇ.

ಡ್ರೈವರಣ್ಣನನ್ನು ಕೇಳಿದೆ. "ಮೊದಲಿಂದ ಹಿಂಗೇ ಸಾರ್" ಅಂದ. ಅವನ ಊರು ಚೇಳೂರಿನ ಪಕ್ಕ. ರಾತ್ರಿ ಬಸ್ ಅವನ ಮನೆ ಮುಂದೆ ಹಾಲ್ಟ್. ಬೆಳಿಗ್ಗೆ ಅಲ್ಲಿಂದಲೇ ಹೊರಡುವುದರಿಂದ ಖಾಲಿ ಓಡಾಟ ಇಲ್ಲ, ಡೀಸೆಲ್ ಉಳಿತಾಯ. ಹಳ್ಳಿ ಕಡೆಯ ಎಷ್ಟೋ ಶಾಲೆ ಬಸ್ಸುಗಳ ರೂಟು ನಿಂತಿರುವುದು ಡ್ರೈವರ್ ಊರು ಯಾವುದು ಅನ್ನುವುದರ ಮೇಲೆ. ತಪ್ಪು ಅಂತ ಹೇಳಲ್ಲ. ಆದರೆ ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ನಾನು ಸಂಜೆಯ ದಾರಿ ತಿರುಗಿಸಿದೆ. ಶಾಲೆ ಬಿಟ್ಟ ಕೂಡಲೇ ಬಸ್ ಮೇನ್ ರೋಡಿನಲ್ಲಿ ನೇರ ಚೇಳೂರಿಗೆ ಹೋಗಲಿ, ಮೊದಲು ಹತ್ತಿದವರು ಮೊದಲು ಇಳಿಯಲಿ, ವಾಪಸ್ ಬರುವಾಗ ಒಳಗಿನ ಹಳ್ಳಿಗಳಲ್ಲಿ ಉಳಿದವರು ಇಳಿಯಲಿ. ಬಸ್ ಗುಬ್ಬಿಯಲ್ಲಿ ಹಾಲ್ಟ್. ಅದಕ್ಕೆ ಗುಬ್ಬಿಯಲ್ಲೇ ಮನೆ ಇದ್ದ ಇನ್ನೊಬ್ಬ ಡ್ರೈವರನ್ನು ಈ ಬಸ್ಸಿಗೆ ಹಾಕಿದೆ. ದಿನಾ ಬೆಳಿಗ್ಗೆ ಒಂದು ಖಾಲಿ ಟ್ರಿಪ್ ಜಾಸ್ತಿ ಆಯಿತು, ಸುಳ್ಳು ಹೇಳುವುದಿಲ್ಲ. ಮ್ಯಾನೇಜ್‌ಮೆಂಟಿನವರು ಡೀಸೆಲ್ ಬಿಲ್ ಹಿಡಿದು ಕರೆಸಿದರು. ನಾನು ಸ್ಟಾಪ್‌ವಾಚಿನ ಹಾಳೆ ಮುಂದಿಟ್ಟೆ. ನೂರಿನ್ನೂರು ಮೀಟರ್ ಅಂತರದಲ್ಲಿದ್ದ ಸ್ಟಾಪುಗಳನ್ನು ಸೇರಿಸಿ ಹದಿನಾರನ್ನು ಹನ್ನೊಂದು ಮಾಡುತ್ತೇನೆ, ಬಸ್ ಬೆಲ್ಲಿಗೆ ಮುಂಚೆ ಬರುತ್ತದೆ ಅಂದೆ. ಒಪ್ಪಿದರು.

ಒಪ್ಪದವರು ಹತ್ತಿರದ ಮನೆಗಳ ಪೋಷಕರು. "ಹತ್ತು ನಿಮಿಷಕ್ಕೆ ಮನೆ ಸೇರ್ತಿದ್ದ ಮಗ ಈಗ ಊರೆಲ್ಲಾ ಸುತ್ತಿಕೊಂಡು ಬರಬೇಕಾ ಮೇಷ್ಟ್ರೇ?" ಅವರ ಮಾತೂ ನ್ಯಾಯವೇ. ಕೊನೆಗೆ ಆ ಹದಿಮೂರು ಮಕ್ಕಳನ್ನು ಟೌನ್ ಬಸ್ಸಿನ ಎರಡನೇ ಟ್ರಿಪ್ಪಿಗೆ ಹಾಕಿದೆ. ಅದು ಬರುವವರೆಗೆ ಮೂವತ್ತೈದು ನಿಮಿಷ ಮೈದಾನದಲ್ಲಿ ನನ್ನ ಜೊತೆ ಖೋ ಖೋ. ಅದರಲ್ಲಿ ಇಬ್ಬರು ಮುಂದೆ ತಾಲ್ಲೂಕು ಟೀಮಿಗೆ ಆಡಿದರು, ಇದು ನನ್ನ ಪ್ಲಾನಿನಲ್ಲಿ ಇರಲಿಲ್ಲ ಬಿಡಿ.

"ಬಸ್ ನಮ್ಮನೆ ಬಾಗಿಲಿಗೇ ಬರಲಿ" ಅನ್ನುವುದು ಪ್ರತಿ ಜೂನಿನ ಹಾಡು. ನನ್ನದು ಒಂದೇ ಉತ್ತರ: ರಿವರ್ಸ್ ಹಾಕದೆ ತಿರುಗುವ ಜಾಗ ಇದ್ದರೆ ಬರುತ್ತದೆ. ಹಳ್ಳಿ ಓಣಿಯಲ್ಲಿ ಬಸ್ ಹಿಂದಕ್ಕೆ ಬರುವಾಗ ಹಿಂದೆ ಯಾವ ಮಗು ಓಡಿಬರುತ್ತದೋ ಕನ್ನಡಿಯಲ್ಲಿ ಕಾಣುವುದಿಲ್ಲ. ಇದರಲ್ಲಿ ಮಾತ್ರ ನಾನು ಯಾರ ಮುಲಾಜಿಗೂ ಬಿದ್ದಿಲ್ಲ. ಹಲಸಿನ ಕಾಲದಲ್ಲಿ ಚೇಳೂರಿನವರೊಬ್ಬರು ದೊಡ್ಡ ಹಣ್ಣೊಂದನ್ನು ಬಸ್ಸಿಗೇ ಹಾಕಿ ಕಳಿಸಿದ್ದರು. ಹಣ್ಣು ಸ್ಟಾಫ್‌ರೂಮಿನಲ್ಲಿ ಖಾಲಿಯಾಯಿತು, ಸ್ಟಾಪು ಇದ್ದಲ್ಲೇ ಇತ್ತು. ಬಸ್ಸಿನಲ್ಲಿ ವಾಸನೆ ಮೂರು ದಿನ.

ಒಂದು ತಪ್ಪು ನಮ್ಮಿಂದಲೇ ಆಯಿತು. ಅವತ್ತು ಆಯಮ್ಮ ರಜೆ. ಬೆಳಿಗ್ಗೆ ಮಕ್ಕಳೆಲ್ಲಾ ಇಳಿದರು ಅಂದುಕೊಂಡು ಡ್ರೈವರ್ ಬಾಗಿಲು ಹಾಕಿ ಟೀ ಕುಡಿಯಲು ಹೋದ. ಕೊನೆ ಸೀಟಿನಲ್ಲಿ ಒಂದನೇ ಕ್ಲಾಸಿನ ಹುಡುಗ ಮಲಗಿದ್ದ. ಹಾಜರಿ ಕರೆದ ಟೀಚರ್ "ಇವನು ಬಸ್ ಹತ್ತಿದ್ದನ್ನು ನಾನು ನೋಡಿದೆ ಮಿಸ್" ಅನ್ನುವ ಅವನ ಅಕ್ಕನ ಮಾತು ಕೇಳಿ ನನ್ನ ಹತ್ತಿರ ಓಡಿ ಬಂದರು. ಹನ್ನೆರಡು ನಿಮಿಷ. ಅವನು ಇನ್ನೂ ಎದ್ದಿರಲಿಲ್ಲ. ನನ್ನ ಕೈ ಮಾತ್ರ ಮಧ್ಯಾಹ್ನದವರೆಗೆ ನಡುಗುತ್ತಿತ್ತು. ಮಾರನೇ ದಿನವೇ "ಬಸ್ ಖಾಲಿ" ಅಂತ ಬರೆದ ನಾಲ್ಕು ತಗಡಿನ ಬೋರ್ಡ್ ಮಾಡಿಸಿದೆ. ಡ್ರೈವರ್ ಹಿಂದಿನವರೆಗೂ ನಡೆದುಹೋಗಿ ಅದನ್ನು ಹಿಂದಿನ ಕಿಟಕಿಗೆ ನೇತುಹಾಕಬೇಕು. ಅದು ಹೊರಗಿಂದ ಕಾಣಿಸಿದ ಮೇಲೇ ನಾನು ಕೀ ತೆಗೆದುಕೊಳ್ಳುವುದು. ಆಯಮ್ಮ ಇಲ್ಲದ ದಿನ ಬಸ್ ಹೊರಡುವುದಿಲ್ಲ, ಇಲ್ಲಾ ಅಂದರೆ ನಾನು ಹೋಗುತ್ತೇನೆ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗ ಹೆದ್ದಾರಿ ಬದಿಯ ಹೈಸ್ಕೂಲ್ ಹುಡುಗಿಯರು ಸರ್ಕಾರಿ ಬಸ್ಸಿಗೆ ಹೋದರು. ಟಿಕೆಟ್ ದುಡ್ಡು ಇಲ್ಲ, ಆಧಾರ್ ತೋರಿಸಿದರೆ ಸಾಕಿತ್ತು. ನಿಟ್ಟೂರು ಕಡೆಯ ಒಂದು ಮನೆಯಲ್ಲಿ ಅಕ್ಕ ಸರ್ಕಾರಿ ಬಸ್ಸಿನಲ್ಲಿ, ತಮ್ಮ ನಮ್ಮ ಹಳದಿ ಬಸ್ಸಿನಲ್ಲಿ. ಹೆಡ್‌ಮಾಸ್ಟರಿಗೆ ಬೇಜಾರು. ನಾನು ಮಾತ್ರ ಕೇಳಿದವರಿಗೆ, ಹೆದ್ದಾರಿ ಸ್ಟಾಪು, ಮಗಳು ಎಂಟನೇ ಕ್ಲಾಸು ದಾಟಿದ್ದಾಳೆ ಅಂದರೆ ಸರ್ಕಾರಿ ಬಸ್ಸೇ ನೋಡಿ ಅನ್ನುತ್ತೇನೆ. ಆದರೆ ಎಂಟೂಕಾಲಿನ ಬಸ್ಸು ತುಂಬಿಕೊಂಡು ಬಂದು ಕೈ ತೋರಿಸಿದರೂ ನಿಲ್ಲದ ದಿನಗಳು ಇರುತ್ತವೆ, ಒಂದು ವಾರ ಸುಮ್ನೆ ನಿಂತು ನೋಡಿ ಆಮೇಲೆ ಫೀಸು ಬಿಡಿ ಅಂತಲೂ ಹೇಳುತ್ತೇನೆ. ದಸರಾ ರಜೆ ಮುಗಿಯುವಷ್ಟರಲ್ಲಿ ಕೆಲವರು ವಾಪಸ್ ಬಂದರು.

ಏಪ್ರಿಲ್, ಮೇ ಪೂರ್ತಿ ಎಫ್‌ಸಿ, ಅಂದರೆ ಬಸ್ ಓಡಿಸಲು ಯೋಗ್ಯ ಅನ್ನುವ ಫಿಟ್‌ನೆಸ್ ಸರ್ಟಿಫಿಕೇಟಿನ ಓಡಾಟ. ಎಂಟು ವರ್ಷದವರೆಗಿನ ಬಸ್ಸಿಗೆ ಎರಡು ವರ್ಷಕ್ಕೊಮ್ಮೆ, ಹಳೆಯದಕ್ಕೆ ಪ್ರತಿ ವರ್ಷ. ಹಳದಿ ಬಣ್ಣ, ಸ್ಪೀಡ್ ಗವರ್ನರ್, ಬೆಂಕಿ ಆರಿಸುವ ಸಿಲಿಂಡರ್, ಫಸ್ಟ್ ಏಡ್ ಡಬ್ಬಿ. ಪೋಷಕರು ಅಡ್ಮಿಷನ್ನಿಗೆ ಬಂದಾಗ ಎಸಿ ಕ್ಲಾಸ್‌ರೂಮ್ ಕೇಳುತ್ತಾರೆ, ಎಫ್‌ಸಿ ಯಾವ ತಿಂಗಳವರೆಗೆ ಇದೆ ಅಂತ ಈ ಆರು ವರ್ಷದಲ್ಲಿ ಕೇಳಿದವರು ಒಬ್ಬರೇ, ಅವರೂ ಲಾರಿ ಡ್ರೈವರ್.

ಆ ತೋಟದ ಗೇಟಿನ ಹುಡುಗಿ ಈಗ ಐದನೇ ಕ್ಲಾಸು. ಸಂಜೆ ನಾಲ್ಕೂವರೆಗೆಲ್ಲಾ ಮನೆ. ಬೆಳಿಗ್ಗೆ ಈಗಲೂ 7 ಗಂಟೆ 5 ನಿಮಿಷಕ್ಕೇ ಹತ್ತುತ್ತಾಳೆ, ಅದನ್ನು ನನ್ನ ಕೈಲಿ ಬದಲಾಯಿಸಲು ಆಗಿಲ್ಲ. ಮೊನ್ನೆ ಅವರಪ್ಪ ಫೋನ್ ಮಾಡಿದ್ದರು: "ಸಾರ್, ಚಿಕ್ಕವನನ್ನು ಎಲ್‌ಕೆಜಿಗೆ ಸೇರಿಸ್ತಿದ್ದೀವಿ, ಒಂದು ಐದು ನಿಮಿಷ ಲೇಟಾಗಿ ಬರಕ್ಕಾಗುತ್ತಾ?"