ಮೂಲಕ್ರಮಕ್ಕೆ ಮರಳಿದ ಸಂಘದ ದಫ್ತರ: ನನ್ನ ಅನುಭವ

ಶಿರಸಿ ಸೀಮೆಯ ಹಳೆಯ ಸಹಕಾರಿ ಸಂಘವೊಂದರ ದಫ್ತರವನ್ನು, ಅಂದರೆ ಹಳೆಯ ಕಾಗದಪತ್ರಗಳನ್ನು, ಮೂಲಕ್ರಮದಲ್ಲೇ (ಸಂಘ ತಾನೇ ಇಟ್ಟುಕೊಂಡಿದ್ದ ಕ್ರಮದಲ್ಲೇ) ಜೋಡಿಸುತ್ತೇನೆ ಎಂದಾಗ ಆಡಳಿತ ಮಂಡಳಿಯಲ್ಲಿ ಒಪ್ಪಿದವರು ಇಬ್ಬರೋ ಮೂವರೋ. ಈಗ ಅದೇ ಮಂಡಳಿ ನನ್ನ ಸೂಚಿಯನ್ನು ಅಕ್ಕಪಕ್ಕದ ಸಂಘಗಳಿಗೆ ಮಾದರಿಯೆಂದು ಕೊಡುತ್ತಿದೆ.

ನನಗಿಂತ ಮುಂಚೆ ಎರಡು ಸಲ ಈ ಕೆಲಸ ಕೆಟ್ಟಿತ್ತು. ಮೊದಲು ಬಂದವರು ಸಾಲ, ಅಡಿಕೆ, ಕಟ್ಟಡ ಎಂದು ವಿಷಯವಾರು ಹಂಚಿದರು. ಕಟ್ಟಡಕ್ಕೆಂದು ಎತ್ತಿದ ಸಾಲದ ಪತ್ರ ಎಲ್ಲಿಗೆ ಸೇರಬೇಕು? ಆಮೇಲೆ ಬಂದವರು ಜನವರಿಯಿಂದ ಡಿಸೆಂಬರ್ ಲೆಕ್ಕದಲ್ಲಿ ಕಂತೆ ಕಟ್ಟಿದರು. ಆಗಿನ ಸಹಕಾರಿ ವರ್ಷ ಜುಲೈಯಿಂದ ಜೂನ್‌ವರೆಗೆ. ಹಾಗಾಗಿ ಅಕ್ಟೋಬರ್ ತಿಂಗಳ ಠರಾವು (ಸಭೆಯ ನಿರ್ಣಯ) ಒಂದು ಕಂತೆಗೂ, ಅದರ ಹಣ ಸಂದಾಯವಾದ ಮೇ ತಿಂಗಳ ವೋಚರ್ ಇನ್ನೊಂದಕ್ಕೂ ಹೋದವು. ಈ ಕೆಲಸಕ್ಕೆ ಸಂಘ ತೆತ್ತದ್ದು ಸುಮಾರು 20 ಸಾವಿರ ರೂಪಾಯಿ.

ನಾನು ಮೊದಲು ಬೇರ್ಪಡಿಸಿದ್ದು ಯಾರ ಕಾಗದ ಯಾವುದು ಎಂಬುದನ್ನು. ಅದೇ ಕೋಣೆಯಲ್ಲಿ, ಹಿಂದೆ ವಿಲೀನವಾದ ಚಿಕ್ಕ ಸಂಘವೊಂದರ ಕಾಗದಗಳೂ ಇದ್ದವು. ವಿಷಯ ಒಂದೇ ಆದರೂ ಅವನ್ನು ಪ್ರತ್ಯೇಕ ಸಮೂಹವಾಗಿ ಉಳಿಸಿದೆ. ಆಮೇಲೆ ಒಂದೇ ಬಗೆಯ ಕಾಗದಗಳ ಸರಣಿಗಳು: ಠರಾವು ಪುಸ್ತಕ, ರೋಜು ಕೀರ್ದಿ (ದಿನದ ಜಮಾ-ಖರ್ಚಿನ ಪುಸ್ತಕ), ಆವಕ-ಜಾವಕ (ಬಂದ-ಹೋದ ಪತ್ರಗಳ ಪುಸ್ತಕ), ವೋಚರ್. 1956ರ ತನಕ ಮುಂಬಯಿ ರಾಜ್ಯದ ನಮೂನೆಗಳು, ನಂತರ ಮೈಸೂರಿನವು. ನಮೂನೆ ಬದಲಾದರೂ ಕೆಲಸ ಅದೇ ಆದ್ದರಿಂದ ಸರಣಿಯನ್ನು ಮುರಿಯದೆ ಸೂಚಿಯಲ್ಲಿ ಟಿಪ್ಪಣಿ ಬರೆದೆ.

ಕಷ್ಟ ಕೊಟ್ಟದ್ದು ಬಿಡಿ ಹಾಳೆಗಳು, ಸಾವಿರಕ್ಕೆ ಮೇಲಿದ್ದವು. ಆವಕ ನಂಬರ್ ಇದ್ದವು ಬೇಗ ಸ್ಥಳ ಸೇರಿದವು. ಉಳಿದವುಗಳಿಗೆ ಗುಂಡುಸೂಜಿಯ ತುಕ್ಕು ಮತ್ತು ಹುಳುವಿನ ತೂತೇ ಆಧಾರ. ಹುಳು ಕಡತವನ್ನು ಓರೆಯಾಗಿ ಕೊರೆದಿದ್ದರೆ ತೂತು ಹಾಳೆಯಿಂದ ಹಾಳೆಗೆ ಕೂದಲೆಳೆಯಷ್ಟು ಜರುಗಿರುತ್ತದೆ. ಬೆಳಕಿಗೆ ಹಿಡಿದು ತೂತಿಗೆ ತೂತು ಕೂಡಿಸುತ್ತ ಹೋದೆ. ಮುಕ್ಕಾಲು ಪಾಲು ಹಾಳೆಗಳ ಅನುಕ್ರಮ ಸಿಕ್ಕಿತು. ಈ ತಾಳ್ಮೆ ನಮ್ಮ ಸೀಮೆಯಲ್ಲಿ ಇನ್ನೊಬ್ಬರಿಗೆ ಇದ್ದದ್ದು ನಾನು ಕಂಡಿಲ್ಲ. ಮಸುಕಾದ ಕಾರ್ಬನ್ ಪ್ರತಿ ಓದಲು ಬೇರೆ ಉಪಾಯವಿದೆ. ಅದನ್ನು ಜೊತೆಗೆ ಕುಳಿತು ಕೆಲಸ ಮಾಡುವವರಿಗೆ ಮಾತ್ರ ತೋರಿಸುತ್ತೇನೆ.

ಹುಳುವಿನ ಮಾತು ಬಂದದ್ದರಿಂದ ಇದನ್ನೂ ಹೇಳುತ್ತೇನೆ. ಹುಳು ಸಾಯಲೆಂದು ಪರಿಚಯದ ಐಸ್‌ಕ್ರೀಮ್ ಅಂಗಡಿಯ ಫ್ರೀಜರ್ ಕೇಳಿ ಪಡೆದು, ಕೀರ್ದಿಗಳನ್ನು ಪಾಲಿಥೀನ್ ಚೀಲದಲ್ಲಿ ಗಾಳಿ ಹೋಗದಂತೆ ಮುಚ್ಚಿ, ವಾರಕ್ಕೂ ಹೆಚ್ಚು ಕಾಲ ಮೈನಸ್ 18 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿಟ್ಟೆ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬಾರದು. ಬಿಚ್ಚಿದರೆ ಕಾಗದದ ಮೇಲೆ ನೀರು ಕೂರುತ್ತದೆ. ಎರಡು ಮಳೆಗಾಲ ಕಳೆದರೂ ಹುಳು ಕೊರೆದ ಹೊಸ ಪುಡಿ ಬಿದ್ದಿಲ್ಲ.

ಎಲ್ಲವನ್ನೂ ಸ್ಕ್ಯಾನ್ ಮಾಡಿಕೊಡಲು ಒಂದು ಕಂಪನಿ ಹೇಳಿದ ದರ ಎರಡೂವರೆ ಲಕ್ಷ. ನನ್ನ ಖರ್ಚು 40 ಸಾವಿರ ದಾಟಿರಲಿಕ್ಕಿಲ್ಲ. ಆಮ್ಲರಹಿತ ಪೆಟ್ಟಿಗೆ ಒಂದಕ್ಕೆ ಆಗ ನಾಲ್ಕು ನೂರರ ಮೇಲೆ ಬೀಳುತ್ತಿದ್ದುದರಿಂದ ಅದನ್ನು ಠರಾವು ಪುಸ್ತಕಗಳಿಗಷ್ಟೇ ತರಿಸಿದೆ. ಉಳಿದದ್ದನ್ನು ಸುತ್ತಿ ಕಟ್ಟಲು ಒಗೆದು ಒಣಗಿಸಿದ ಕೋರಾ ಬಟ್ಟೆಯ ರುಮಾಲು.

ಕಳೆದ ವರ್ಷ ಗೋದಾಮಿನ ದಾರಿಯ ತಕರಾರು ಎದ್ದಿತು. ಆವಕ ಪುಸ್ತಕದಿಂದ ಪತ್ರಕ್ಕೆ, ಪತ್ರದ ಮೇಲಿನ ಷರಾದಿಂದ (ಟಿಪ್ಪಣಿಯಿಂದ) ಠರಾವಿಗೆ, ಠರಾವಿನಿಂದ ವೋಚರಿಗೆ ಹೋಗಿ, ಅರ್ಧ ಗಂಟೆಯಲ್ಲಿ ಆ ದಾರಿಯ ಜಾಗದ ಹಣ ಸಂದಾಯವಾದ ರಸೀದಿಯನ್ನು ಮೇಜಿನ ಮೇಲಿಟ್ಟೆ. ವಿಲೀನವಾದ ಸಂಘದ ಕಾಗದಗಳ ಜೋಡಣೆಗೂ ಹಣ ಕೊಡಬೇಕೆಂದು ಮುಂದಿನ ಸಭೆಯಲ್ಲಿ ಸೂಚಿಸಿದವರು, ಮೊದಲು ನನ್ನನ್ನು ವಿರೋಧಿಸಿದ್ದ ಹಿರಿಯ ನಿರ್ದೇಶಕರೇ.