ಚೆನ್ನೈ ಬಂದರಿಗೆ ಕಂಟೇನರ್ ಬಾಡಿಗೆ: ಕೋಲಾರದ ಸ್ವಂತ ಲಾರಿಯವರು ಹೇಗೆ ಹೋಗಬೇಕು?

ನರಸಾಪುರ, ವೇಮಗಲ್, ಮಾಲೂರಿನ ಕಾರ್ಖಾನೆಗಳಿಂದ ಚೆನ್ನೈಗೆ ಕಂಟೇನರ್ ಹೊತ್ತು ಹೋಗುವುದು ಕೋಲಾರದ ಲಾರಿಯವರಿಗೆ ಹೊಸದಲ್ಲ. ಆದರೂ ಟೊಮೆಟೊ ಲೋಡಿನ ಲೆಕ್ಕವನ್ನೇ ಬಂದರಿನ ಲೋಡಿಗೂ ಹಾಕಿ, ನಾಲ್ಕು ಟ್ರಿಪ್ ಮುಗಿಯುವಷ್ಟರಲ್ಲಿ ಕಂತು ಕಟ್ಟಲು ಕೈಸಾಲ ಕೇಳಿದವರನ್ನು ನಾನು ಬಹಳ ಕಂಡಿದ್ದೇನೆ. ಟೊಮೆಟೊ ಕೊಳೆಯುತ್ತದೆ, ಆದ್ದರಿಂದ ಮಂಡಿಯವರು ಲಾರಿಯನ್ನು ಕಾಯಿಸುವುದಿಲ್ಲ. ಕಂಟೇನರಿನೊಳಗಿನ ಸರಕಿಗೆ ಆ ಅವಸರವಿಲ್ಲ.

ಮೊದಲ ಹೆಜ್ಜೆ ಕಾಗದಪತ್ರ. ವರ್ಷಕ್ಕೆ 16,500 ರೂಪಾಯಿಯ ನ್ಯಾಷನಲ್ ಪರ್ಮಿಟ್ ಶುಲ್ಕ, ಎಫ್‌ಸಿ (ಲಾರಿ ಓಡಲು ಯೋಗ್ಯವೆಂಬ ಪ್ರಮಾಣಪತ್ರ), ವಿಮೆ, ಫಾಸ್ಟ್ಯಾಗ್ ಸರಿಯಿದ್ದರೆ ಇಲ್ಲಿ ಹೇಳುವುದೇನೂ ಇಲ್ಲ.

ಎರಡನೆಯದು ಬಾಡಿಗೆ ಮಾತಾಡುವುದು. ಹೆಚ್ಚಿನವರು ಎಡವುವುದು ಇಲ್ಲಿಯೇ. ಕೋಲಾರದಿಂದ ಚೆನ್ನೈ ಸುಮಾರು 270 ಕಿ.ಮೀ. ಎಂದು ಕಿಲೋಮೀಟರಿಗಿಷ್ಟು ಎಂದು ಗುಣಿಸಿ ಒಪ್ಪಿಕೊಳ್ಳುತ್ತಾರೆ. ಖಾಲಿ ಕಂಟೇನರನ್ನು ವೈಟ್‌ಫೀಲ್ಡ್ ಕಡೆಯ ಯಾರ್ಡಿನಿಂದ ಎತ್ತಿ ತರಬೇಕು, ಬಂದರಿನಿಂದ ಬರಿಗೈಯಲ್ಲಿ ಮರಳಬೇಕಾಗಬಹುದು. ಎಲ್ಲ ಸೇರಿದರೆ ಓಟ 650 ಕಿ.ಮೀ. ಹತ್ತಿರ ಬರುತ್ತದೆ. ಲೀಟರಿಗೆ 4 ಕಿ.ಮೀ. ಕೊಡುವ ಟ್ರೈಲರ್ 160 ಲೀಟರಿಗಿಂತ ಹೆಚ್ಚು ಡೀಸೆಲ್ ಕುಡಿಯುತ್ತದೆ. ಇದಾದರೂ ಕಣ್ಣಿಗೆ ಕಾಣುವ ಖರ್ಚು. ಕಾಣದಿರುವುದು ನಿಂತ ದಿನದ ಖರ್ಚು. ಕಂತು, ವಿಮೆ, ಪರ್ಮಿಟ್, ಟೈರ್ ಸವಕಳಿ, ಮತ್ತು ನೀವೇ ಸ್ಟೇರಿಂಗ್ ಹಿಡಿದರೂ ಬಿಡದೆ ನಿಮ್ಮ ಸಂಬಳ, ಇವೆಲ್ಲವನ್ನೂ ತಿಂಗಳಿಗೆ ಕೂಡಿಸಿ, ಓಡುವ 25 ದಿನಗಳಿಂದ ಭಾಗಿಸಿ. ಮೊತ್ತ 75,000 ರೂಪಾಯಿ ಎಂದಿಟ್ಟುಕೊಂಡರೆ ದಿನಕ್ಕೆ 3,000 ಆಯಿತು. ಬಂದರಿನ ಸಾಲಿನಲ್ಲಿ ಎರಡು ದಿನ ನಿಂತರೆ ಚಕ್ರ ಉರುಳದೆಯೇ 6,000 ಹೋಯಿತು. ಆದ್ದರಿಂದ ಬಾಡಿಗೆಯನ್ನು ದೂರದಿಂದಲ್ಲ, ದಿನದಿಂದ ಕಟ್ಟಬೇಕು. ಕಾರ್ಖಾನೆಯಲ್ಲಿ ಎಷ್ಟು ಗಂಟೆ, ಬಂದರಿನಲ್ಲಿ ಎಷ್ಟು ಗಂಟೆ ಉಚಿತ, ಆಮೇಲೆ ದಿನಕ್ಕೆ ಹಾಲ್ಟಿಂಗ್ (ಲಾರಿ ಕಾದು ನಿಂತದ್ದಕ್ಕೆ ಕೊಡುವ ಹಣ) ಎಷ್ಟು, ಅದನ್ನು ಕೊಡುವವರು ಯಾರು ಎಂಬುದನ್ನು ಲೋಡಿಂಗಿಗೆ ಮೊದಲೇ ವಾಟ್ಸ್ಆ್ಯಪಿನಲ್ಲಿ ಬರೆಸಿಕೊಳ್ಳಿ. ‘ಅದೆಲ್ಲಾ ಆಮೇಲೆ ನೋಡಿಕೊಳ್ಳೋಣ ಅಣ್ಣ’ ಎನ್ನುವ ಬ್ರೋಕರ್ ಎಷ್ಟೇ ಅಡ್ವಾನ್ಸ್ ಕೊಟ್ಟರೂ ಆ ಲೋಡ್ ಬಿಟ್ಟುಬಿಡಿ. ಒಂದು ದಿನ ಮನೆಯಲ್ಲಿ ನಿಂತ ಲಾರಿಗೆ ಡೀಸೆಲ್ಲಾದರೂ ಉಳಿಯುತ್ತದೆ.

ಡೀಸೆಲ್ ಮಾತು ಬಂದದ್ದರಿಂದ ಇನ್ನೊಂದು: ಬಿಎಸ್ 6 ಲಾರಿಯಲ್ಲಿ ಹೊಗೆ ಶುದ್ಧ ಮಾಡಲು ಹಾಕುವ ಡಿಇಎಫ್ ದ್ರವವನ್ನು ಹೆದ್ದಾರಿ ಬದಿಯಲ್ಲಿ ಹೆಸರಿಲ್ಲದ ಕ್ಯಾನಿನಲ್ಲಿ ಕೊಳ್ಳಬೇಡಿ. ಅದರಲ್ಲಿ ಯೂರಿಯಾ 32.5 ಶೇಕಡಾ ಇರಬೇಕು. ನಲ್ಲಿ ನೀರು ಬೆರೆಸಿದ ದ್ರವ ಹಾಕಿ ಉಳಿಸಿದ ಹಣ ಹೊಗೆ ಶುದ್ಧೀಕರಣದ ಭಾಗ ಕೆಟ್ಟಾಗ ಹಲವು ಪಟ್ಟಾಗಿ ಹೋಗುತ್ತದೆ.

ಲೋಡಿಂಗ್ ಆದ ಮೇಲೆ ಕಂಟೇನರಿನ ಗುರುತಿನ ಸಂಖ್ಯೆಯ ನಾಲ್ಕು ಅಕ್ಷರ, ಏಳು ಅಂಕಿ ಮತ್ತು ಸೀಲಿನ ಸಂಖ್ಯೆಯನ್ನು ಕಾಗದದೊಂದಿಗೆ ತಾಳೆ ನೋಡಿ ಫೋಟೊ ತೆಗೆಯಿರಿ. ಕಂಟೇನರನ್ನು ಟ್ರೈಲರಿಗೆ ಬಿಗಿಯುವ ನಾಲ್ಕು ಟ್ವಿಸ್ಟ್ ಲಾಕ್‌ಗಳನ್ನೂ ನಿಮ್ಮ ಕೈಯಿಂದಲೇ ತಿರುಗಿಸಿ. ಹೆದ್ದಾರಿಗೆ ಏರುವ ಮೊದಲು ತೂಕ ಮಾಡಿಸಿ. ತುಂಬಿದ ಕಂಟೇನರಿನ ದೃಢೀಕೃತ ತೂಕವನ್ನು ರಫ್ತುದಾರರೇ ಕೊಡಬೇಕೆಂಬ ಅಂತರರಾಷ್ಟ್ರೀಯ ನಿಯಮ 2016ರ ಜುಲೈ 1ರಿಂದ ಇದೆ. ಆದರೂ ರಸ್ತೆಯಲ್ಲಿ ಮಿತಿ ಮೀರಿದ ಭಾರಕ್ಕೆ ವಿಧಿಸುವ 20,000 ರೂಪಾಯಿ ಮತ್ತು ಹೆಚ್ಚುವರಿ ಟನ್ನಿಗೆ ತಲಾ 2,000 ರೂಪಾಯಿಯ ದಂಡಕ್ಕೆ ಮೊದಲು ಸಿಗುವುದು ಲಾರಿ.

ಸರಕು ಸಾಗಿಸಲು ಬೇಕಾದ ಜಿಎಸ್‌ಟಿಯ ಇ-ವೇ ಬಿಲ್ 200 ಕಿ.ಮೀ.ಗೆ ಒಂದು ದಿನದಂತೆ ನಡೆಯುತ್ತದೆ, ಅಂದರೆ ಈ ದಾರಿಗೆ ಎರಡು ದಿನ. ಮುಳಬಾಗಿಲು, ಚಿತ್ತೂರು, ರಾಣಿಪೇಟೆ ದಾಟಲು ಅಷ್ಟು ಧಾರಾಳ ಸಾಕು. ಆದರೆ ದಾರಿಯಲ್ಲಿ ಲಾರಿ ಕೆಟ್ಟು ನಿಂತರೆ ಅವಧಿ ಮುಗಿಯುವ 8 ಗಂಟೆ ಮೊದಲಿನಿಂದ 8 ಗಂಟೆ ನಂತರದವರೆಗೆ ಮಾತ್ರ ವಿಸ್ತರಿಸಲು ಅವಕಾಶವಿದೆ. ಲಾರಿ ಬದಲಾಯಿಸಿದರೆ ಇ-ವೇ ಬಿಲ್ಲಿನ ಎರಡನೆಯ ಭಾಗದಲ್ಲಿ ಹೊಸ ನಂಬರ್ ಸೇರಿಸಲೇಬೇಕು.

ಹೊರಡುವ ಮೊದಲು ಬಂದರು ಯಾವುದೆಂದು ಮತ್ತೊಮ್ಮೆ ಕೇಳಿ. ‘ಚೆನ್ನೈ’ ಎಂದು ಬಾಯಲ್ಲಿ ಹೇಳಿದರೂ ಹಡಗು ಊರೊಳಗಿನ ಚೆನ್ನೈ ಬಂದರಿಗೆ ಬರಬಹುದು, ಉತ್ತರಕ್ಕಿರುವ ಎಣ್ಣೂರಿಗೆ ಅಥವಾ ಅದನ್ನೂ ದಾಟಿದ ಕಾಟ್ಟುಪಳ್ಳಿಗೆ ಬರಬಹುದು. ತಪ್ಪು ಗೇಟಿನ ಮುಂದೆ ನಿಂತು ಫೋನ್ ಮಾಡುವ ಹೊತ್ತಿಗೆ ಕಂಟೇನರ್ ಒಳಗೆ ಸೇರಿಸಬೇಕಾದ ಗಡುವು ಮೀರಿರುತ್ತದೆ. ಗೇಟ್ ತೆರೆಯುವ ಸಮಯ, ಮುಚ್ಚುವ ಸಮಯ, ಲಾರಿ ಮತ್ತು ಚಾಲಕರ ಪ್ರವೇಶ ಪಾಸ್ ಇವು ಕೈಗೆ ಬಂದಮೇಲಷ್ಟೇ ಕೀಲಿ ತಿರುಗಿಸಿ.

ಗೇಟಿಗೆ ತಲುಪಿದ ಸಮಯವನ್ನೂ ಹೊರಬಂದ ಸಮಯವನ್ನೂ ತೋರಿಸುವ ಚೀಟಿಗಳನ್ನು ಜೋಪಾನ ಮಾಡಿ. ಹಾಲ್ಟಿಂಗ್ ಹಣಕ್ಕೆ ಅವೇ ಸಾಕ್ಷಿ. ಬಿಲ್ಲಿನ ಜೊತೆಗೆ, ನಿಮ್ಮಲ್ಲಿರುವ ಸರಕು ವಾಹನಗಳು ಹತ್ತನ್ನು ಮೀರಿಲ್ಲವೆಂಬ ಘೋಷಣಾ ಪತ್ರವನ್ನು ಪ್ಯಾನ್ ಸಂಖ್ಯೆ ಸಹಿತ ಕೊಟ್ಟುಬಿಟ್ಟರೆ ಬಾಡಿಗೆಯಲ್ಲಿ ಟಿಡಿಎಸ್ (ಮುಂಚಿತವಾಗಿ ಕಡಿಯುವ ಆದಾಯ ತೆರಿಗೆ) ಮುರಿದುಕೊಳ್ಳುವಂತಿಲ್ಲ.