ತೆರೆದ ಕಾಕ್‌ಪಿಟ್‌ನಲ್ಲಿ ಬೆಚ್ಚಗಿರಲು ನಾನು ಮಾಡಿಕೊಂಡ ವ್ಯವಸ್ಥೆ

ನಾನು ಹಾರಿಸುವುದು ಎರಡು ಸೀಟಿನ ಮೈಕ್ರೋಲೈಟ್, ಅಂದರೆ ತೀರಾ ಹಗುರವಾದ ಪುಟ್ಟ ವಿಮಾನ. ಮೇಲೆ ಬಟ್ಟೆಯ ರೆಕ್ಕೆ, ಹಿಂದೆ ರೋಟ್ಯಾಕ್ಸ್ 582 ಎಂಜಿನ್, ಮುಂದೆ ಮೊಣಕಾಲೆತ್ತರದ ಗಾಜು, ಅಷ್ಟೇ. ಸಾವಿರ ಅಡಿ ಮೇಲೇರಿದರೆ ಉಷ್ಣಾಂಶ ಸುಮಾರು 2 ಡಿಗ್ರಿ ಇಳಿಯುತ್ತದೆ. ನೆಲದ ಮೇಲೆ 10 ಡಿಗ್ರಿ ಇದ್ದ ದಿನ 4,000 ಅಡಿಯಲ್ಲಿ 2 ಡಿಗ್ರಿ. ಗಂಟೆಗೆ 90 ಕಿ.ಮೀ. ವೇಗದ ಗಾಳಿ ಸೇರಿದರೆ ಚರ್ಮಕ್ಕೆ ಅದು ಮೈನಸ್ 7ರಂತೆ ಇರುತ್ತದೆ. ಕೈ ಮರಗಟ್ಟಿದರೆ ರೇಡಿಯೋ ಗುಂಡಿ ತಿರುಗಿಸುವುದೂ ಕಷ್ಟ. ಚಳಿ ಏರಿದಂತೆ ತಲೆಯೂ ಮಂದವಾಗುತ್ತದೆ, ಅದು ನಮಗೇ ಗೊತ್ತಾಗುವುದಿಲ್ಲ.

ಇದಕ್ಕೆ ನಾನು ಕಂಡುಕೊಂಡ ದಾರಿ ಕರೆಂಟಿನಿಂದ ಬಿಸಿಯಾಗುವ ಉಡುಪು. ಎಲ್ಲರೂ ಮೊದಲು ಕೇಳುವುದು ಬಿಸಿ ಗ್ಲೌಸ್ ಬಗ್ಗೆ. ನಾನು ಮೊದಲು ಕೊಂಡದ್ದು ವೆಸ್ಟ್, ಮೋಟಾರ್‌ಸೈಕಲ್ ಸವಾರರಿಗೆಂದು ಮಾಡಿದ 12 ವೋಲ್ಟಿನದು. ಎದೆ, ಬೆನ್ನು ತಣ್ಣಗಾದರೆ ದೇಹ ಕೈಕಾಲಿನ ರಕ್ತನಾಳಗಳನ್ನು ಕುಗ್ಗಿಸಿ ಶಾಖವನ್ನು ಒಳಗೇ ಹಿಡಿದಿಟ್ಟುಕೊಳ್ಳುತ್ತದೆ. ಮುಂಡ ಬೆಚ್ಚಗಿದ್ದರೆ ಬೆರಳಿಗೂ ರಕ್ತ ಹರಿಯುತ್ತದೆ. ಗ್ಲೌಸ್ ಆಮೇಲೆ ಸೇರಿಸಿದೆ. ತೆಳ್ಳಗಿನದೇ ಬೇಕು, ದಪ್ಪಗಿದ್ದರೆ ಸ್ವಿಚ್ಚು ಕೈಗೆ ತಿಳಿಯುವುದಿಲ್ಲ.

ಇನ್ನು ಕರೆಂಟಿನ ಲೆಕ್ಕ. ವೆಸ್ಟ್ 45 ವಾಟ್, ಗ್ಲೌಸ್ ಜೋಡಿಗೆ 25, ಒಟ್ಟು 70. 12 ವೋಲ್ಟಿಗೆ ಹತ್ತಿರ ಹತ್ತಿರ 6 ಆಂಪಿಯರ್. ಈ ಎಂಜಿನ್ನಿನ ಜನರೇಟರ್ ಕೊಡುವುದು ಸುಮಾರು 170 ವಾಟ್, ಅದೂ ನಿಮಿಷಕ್ಕೆ 6,000 ಸುತ್ತಿನಲ್ಲಿ. ರೇಡಿಯೋ, ಮಿನುಗುವ ಸ್ಟ್ರೋಬ್ ದೀಪ ಕಳೆದರೆ ಒಬ್ಬರಿಗೆ ಧಾರಾಳ. ಹಿಂದಿನ ಸೀಟಿನವರಿಗೂ ಕೊಡಹೊರಟರೆ ಬಿಗಿ. ಎಂಜಿನ್ ನಿಧಾನಕ್ಕೆ ಓಡುವ ಐಡಲ್‌ನಲ್ಲಿ ಜನರೇಟರ್ ಕೊಡುವುದು ಅತ್ಯಲ್ಪ, ವೆಸ್ಟ್ ಬ್ಯಾಟರಿಯನ್ನೇ ಹೀರುತ್ತದೆ. ಹಾಗಾಗಿ ಟೇಕಾಫ್ ಆಗಿ ಎತ್ತರಕ್ಕೇರಿದ ಮೇಲೆ ಸ್ವಿಚ್ ಹಾಕುತ್ತೇನೆ, ಇಳಿಯಲು ಥ್ರಾಟಲ್ ತಗ್ಗಿಸುವ ಮೊದಲು ತೆಗೆಯುತ್ತೇನೆ. ನೆಲದಲ್ಲೇ ಬಿಸಿ ಮಾಡಿಕೊಂಡರೆ ಬೆವರು ಬರುತ್ತದೆ. ಒದ್ದೆ ಬನಿಯನ್ ತೊಟ್ಟು ಮೇಲೇರುವುದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ.

ಬ್ಯಾಟರಿಯ ಪಕ್ಕದಲ್ಲೇ 10 ಆಂಪಿಯರ್ ಫ್ಯೂಸ್ ಇದೆ. ಅಲ್ಲಿಂದ ಬರುವ ಪ್ಲಸ್, ಮೈನಸ್ ತಂತಿಗಳನ್ನು ಹಗ್ಗದಂತೆ ಒಂದಕ್ಕೊಂದು ಹೊಸೆದಿದ್ದೇನೆ. ಬಿಡಿಯಾಗಿ ಎಳೆದರೆ ಅವುಗಳ ಕಾಂತಕ್ಷೇತ್ರ ದಿಕ್ಸೂಚಿಯನ್ನು ಆಚೀಚೆ ಎಳೆಯುತ್ತದೆ. ವೆಸ್ಟಿನ ಸ್ವಿಚ್ ಹಾಕಿ, ತೆಗೆದು ದಿಕ್ಸೂಚಿಯ ಮುಳ್ಳು ನೋಡಿದರೆ ಗೊತ್ತಾಗಿಬಿಡುತ್ತದೆ. ಬಿಸಿ ಹೆಚ್ಚುಕಮ್ಮಿ ಮಾಡುವ ಕಂಟ್ರೋಲರ್ ಕರೆಂಟನ್ನು ಪಟಪಟನೆ ಹಾಕಿ ತೆಗೆಯುತ್ತಿರುತ್ತದೆ, ಕೆಲವುಗಳ ಸದ್ದು ರೇಡಿಯೋದಲ್ಲಿ ಕೇಳಿಸುತ್ತದೆ. ಹಾರುವ ಮೊದಲು ಎಂಜಿನ್ ಓಡಿಸಿ, ಹೆಡ್‌ಸೆಟ್ ಹಾಕಿಕೊಂಡೇ ಪರೀಕ್ಷಿಸಬೇಕು. ಪ್ಲಗ್ ಮಾತ್ರ ಎಳೆದ ತಕ್ಷಣ ಕಳಚುವಂಥದ್ದೇ ಇರಲಿ. ತುರ್ತಾಗಿ ಹೊರಗೆ ಜಿಗಿಯಬೇಕಾದರೆ ತಂತಿ ನನ್ನನ್ನು ಹಿಡಿದಿಟ್ಟುಕೊಳ್ಳಬಾರದು.

ತೊಡುವ ಕ್ರಮವೂ ಮುಖ್ಯ. ತೆಳು ಉಣ್ಣೆ ಬನಿಯನ್, ಅದರ ಮೇಲೆ ಮೈಗಂಟುವಂತೆ ವೆಸ್ಟ್, ಆಮೇಲೆ ದಪ್ಪ ಪದರ, ಹೊರಗೆ ಗಾಳಿ ನುಗ್ಗದ ಫ್ಲೈಯಿಂಗ್ ಸೂಟ್. ಬರಿ ಮೈಮೇಲೆ ಬೇಡ; ಹದವಾದ ಬಿಸಿಯೂ ಬಹಳ ಹೊತ್ತು ಒಂದೇ ಕಡೆ ತಾಗಿದರೆ ಚರ್ಮ ಸುಡುತ್ತದೆ.

ಮುಚ್ಚಿದ ಕ್ಯಾಬಿನ್ನಿನ ಸಣ್ಣ ವಿಮಾನ ಹಾರಿಸುವ ಗೆಳೆಯರು ತಮಗೆ ಹೀಟರ್ ಇದೆ ಎನ್ನುತ್ತಾರೆ. ಅಂಥ ಹೆಚ್ಚಿನ ವಿಮಾನಗಳಲ್ಲಿ ಆ ಬಿಸಿಗಾಳಿ ಬರುವುದು ಎಕ್ಸಾಸ್ಟ್ (ಎಂಜಿನ್ನಿನ ಹೊಗೆ ಕೊಳವೆ) ಸುತ್ತಲಿನ ಕವಚದಿಂದ. ಎಕ್ಸಾಸ್ಟ್ ಬಿರುಕು ಬಿಟ್ಟರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ನೇರ ಒಳಗೆ. ಅನುಮಾನ ಬಂದಾಗ ಹೀಟರ್ ಮುಚ್ಚಿ ವೆಸ್ಟ್ ನಂಬಬಹುದು. ಆದರೆ ಅಂಥ ಕೆಲವು ವಿಮಾನಗಳದು 24 ವೋಲ್ಟ್. 12ರ ಬಟ್ಟೆಯನ್ನು ಅದಕ್ಕೆ ಸಿಕ್ಕಿಸಿದರೆ ಸುಟ್ಟುಹೋಗುತ್ತದೆ.

ಪವರ್ ಬ್ಯಾಂಕಿನ 5 ವೋಲ್ಟ್ ವೆಸ್ಟುಗಳ ಶಾಖ ತೆರೆದ ಗಾಳಿಗೆ ಸಾಲದು, ಚಳಿಗೆ ಲಿಥಿಯಂ ಬ್ಯಾಟರಿಯೂ ಬೇಗ ಸೋಲುತ್ತದೆ. ನನ್ನದೂ ಮಧ್ಯದಲ್ಲಿ ಕೈಕೊಡಬಹುದಲ್ಲ? ಅದಕ್ಕೇ ವೆಸ್ಟ್ ಆರಿದರೂ ಹತ್ತಿರದ ಮೈದಾನದಲ್ಲಿ ಇಳಿಯುವವರೆಗೆ ಸಾಕಾಗುವಷ್ಟು ದಪ್ಪ ಬಟ್ಟೆ ಮೈಮೇಲಿರುತ್ತದೆ, ಸಾದಾ ಉಣ್ಣೆ ಗ್ಲೌಸ್ ಜಿಪ್ ಇರುವ ಜೇಬಿನಲ್ಲಿರುತ್ತದೆ. ಜಿಪ್ ಏಕೆಂದರೆ ಪ್ರೊಪೆಲ್ಲರ್ ನನ್ನ ಹಿಂದಿದೆ, ಜೇಬಿನಿಂದ ಜಾರಿದ್ದೆಲ್ಲ ಅಲ್ಲಿಗೇ ಹೋಗುತ್ತದೆ.